ಗುಡ್ಡ ಕಡಿಯುವ ಮೊದಲು ಮಣ್ಣು ನೋಡಿ

(ಕುಮಟಾದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲಿನ ಊರವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ನಂತರ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ಸುದ್ದಿ ಖಾಯಂ. ಒಂದು, ಎಲ್ಲೋ ಗುಡ್ಡ ಕುಸಿದು ರಸ್ತೆ ಬಂದ್. ಇನ್ನೊಂದು, ಹೊಳೆ ಉಕ್ಕಿ ಗದ್ದೆಗೆ, ಮನೆಗೆ ನೀರು. ಮಾರ್ಚ್ ದಾಟಿದರೆ ಸುದ್ದಿ ಬದಲಾಗುತ್ತದೆ. ಬಾವಿ ಬತ್ತಿತು, ಬಾವಿ ನೀರು ಉಪ್ಪಾಯಿತು, ಟ್ಯಾಂಕರ್ ಬರಲಿಲ್ಲ. ನಡುವೆ ಕಡಲ ಕೊರೆತ. ಗುಡ್ಡ, ರಸ್ತೆಗೆ ಒಂದು ಕಚೇರಿ, ಹೊಳೆಗೆ ಇನ್ನೊಂದು, ಕುಡಿಯುವ ನೀರಿಗೆ ಮತ್ತೊಂದು, ದಂಡೆಗೆ ಬೇರೆಯೇ. ನಾವೂ ಬೇರೆ ಬೇರೆ ಅರ್ಜಿ ಹಿಡಿದುಕೊಂಡು ಓಡಾಡುತ್ತೇವೆ.

ಆದರೆ ಮಳೆ ನೀರಿನ ದಾರಿ ಒಂದೇ. ಘಟ್ಟದ ಮೇಲೆ ಬಿದ್ದ ಮಳೆ ಗುಡ್ಡದೊಳಗೆ ಇಳಿಯುತ್ತದೆ. ಅದೇ ಒರತೆಯಾಗಿ ಹಳ್ಳ ಸೇರುತ್ತದೆ. ಹಳ್ಳ ಹೊಳೆಯಾಗಿ ಮರಳು, ಮೆಕ್ಕಲು ಹೊತ್ತು ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ ಬರುತ್ತದೆ. ಆ ಮರಳೇ ನಮ್ಮ ದಂಡೆ. ಇದರಲ್ಲಿ ಎಲ್ಲಿ ಕೈ ಹಾಕಿದರೂ ಕೆಳಗೆ ಎಲ್ಲೋ ಒಂದು ಕಡೆ ಅದು ಕಾಣಿಸಿಕೊಳ್ಳುತ್ತದೆ. ಈ ದಾರಿಯನ್ನು ಓದುವ ಕೆಲಸವೇ ಭೂವಿಜ್ಞಾನ. ಕಲ್ಲು, ಮಣ್ಣು, ಅಂತರ್ಜಲ, ಹೊಳೆ, ದಂಡೆ ಎಲ್ಲವೂ ಅದರಲ್ಲಿ ಬರುತ್ತವೆ.

ನನ್ನ ಬೇಸರ ಏನೆಂದರೆ, ನಾವು ಭೂವಿಜ್ಞಾನಿಗಳನ್ನು ಕರೆಯುವುದು ಅನಾಹುತ ಆದ ಮೇಲೆ. ಮಣ್ಣು ತೆಗೆದು, ಹೆಣ ತೆಗೆದು, ರಸ್ತೆ ಬಿಟ್ಟುಕೊಟ್ಟ ಮೇಲೆ ಒಂದು ವರದಿ ಬರುತ್ತದೆ. ಜೆಸಿಬಿ ಬರುವ ಮೊದಲು ಆ ವರದಿ ಬರಬೇಕಿತ್ತು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಲಡಿಯ ಮಣ್ಣು

ಹೊನ್ನಾವರದಿಂದ ಅಂಕೋಲಾ ಕಡೆ ಹೋಗುವಾಗ ಹೆದ್ದಾರಿ ಪಕ್ಕ ಗುಡ್ಡ ಕಡಿದ ಜಾಗ ಎಷ್ಟೋ ಸಿಗುತ್ತವೆ. ಮಳೆ ಇಲ್ಲದ ದಿನ ದೂರದಲ್ಲಿ ನಿಂತು ಅಂಥದ್ದೊಂದನ್ನು ಮೇಲಿನಿಂದ ಕೆಳಗೆ ನೋಡಿ. ತುದಿಯಲ್ಲಿ ತೆಳ್ಳಗೆ ಮಣ್ಣು, ಹುಲ್ಲಿನ ಬೇರು. ಅದರ ಕೆಳಗೆ ಚಿರೇಕಲ್ಲು. ಕೆಂಪಗೆ, ತೂತು ತೂತಾಗಿ, ಗಟ್ಟಿಯಾಗಿ ಇರುತ್ತದೆ. ನಮ್ಮ ಮನೆಗಳ ಗೋಡೆಯೆಲ್ಲ ಇದೇ ಅಲ್ವಾ? ಅದರ ಕೆಳಗೆ ಬಣ್ಣ ಬದಲಾಗುತ್ತದೆ. ಬಿಳಿ, ತಿಳಿ ಗುಲಾಬಿ, ಅಲ್ಲಲ್ಲಿ ಹಳದಿ, ನೇರಳೆ. ಇದು ಶೇಡಿ ಮಣ್ಣು. ಇನ್ನೂ ಕೆಳಗೆ ಅರ್ಧ ಕರಗಿದ ಕಲ್ಲು. ನೋಡಲು ಕಲ್ಲಿನ ಪಟ್ಟಿ ಪಟ್ಟಿಯೆಲ್ಲ ಹಾಗೇ ಇರುತ್ತದೆ, ಮುಟ್ಟಿದರೆ ಪುಡಿ. ಎಲ್ಲಕ್ಕಿಂತ ಕೆಳಗೆ ಗಟ್ಟಿ ಬಂಡೆ. ಎಲ್ಲ ಕಡೆಯೂ ಇದೇ ಕ್ರಮ, ಇದೇ ದಪ್ಪ ಅಂತಲ್ಲ. ಒಂದೊಂದು ಗುಡ್ಡದಲ್ಲಿ ಚಿರೇಕಲ್ಲು ಇರುವುದೇ ಇಲ್ಲ. ಆದರೆ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಆ ಬಂಡೆ ತುಂಬಾ ಹಳೆಯದು. ಕಾರವಾರದ ಸುತ್ತಲಿನ ಗ್ರಾನೈಟ್ ಮತ್ತು ನೈಸ್ (ಪಟ್ಟಿ ಪಟ್ಟಿಯಾಗಿ ಕಾಣುವ ಗಟ್ಟಿ ಬಂಡೆ) ಕಲ್ಲುಗಳಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ಆಗಿನಿಂದ ಈ ಕಡೆಯ ಅಂಚು ಕಡಲಿಗೆ ತೆರೆದುಕೊಂಡಿದೆ. ಅಷ್ಟು ಕಾಲದ ಬಿಸಿಲು, ಮಳೆ ಈ ಕಲ್ಲನ್ನು ಮೇಲಿನಿಂದ ತಿನ್ನುತ್ತಾ ಬಂದಿದೆ. ಕಲ್ಲಿನೊಳಗಿನ ಕೆಲವು ಖನಿಜಗಳು ಕರಗಿ ನೀರಿನ ಜತೆ ಹೋದವು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಅಂಶ ಮೇಲೆ ಉಳಿದು ಗಟ್ಟಿಯಾಗಿ ಚಿರೇಕಲ್ಲಾಯಿತು. ಅದರ ಕೆಳಗೆ ಜೇಡಿ ಅಂಶ ಜಾಸ್ತಿ ಇರುವ ಶೇಡಿ ಉಳಿಯಿತು.

ಈಗ ಒಂದು ಪರೀಕ್ಷೆ. ವಿದ್ಯಾರ್ಥಿಗಳು ಇದನ್ನು ಮಾಡಿಯೇ ನೋಡಬೇಕು. ಒಣಗಿದ ಶೇಡಿಯ ಒಂದು ಉಂಡೆ ತಗೊಳ್ಳಿ. ಕೈಯಲ್ಲಿ ಹಿಡಿದರೆ ಗಟ್ಟಿ, ಪಿಕಾಸಿ ಹಾಕಿದರೂ ಸುಲಭಕ್ಕೆ ಬಿಡುವುದಿಲ್ಲ. ಉಗುರಿನಿಂದ ಕೆರೆದರೆ ಬಿಳಿ ಹಿಟ್ಟು ಉದುರುತ್ತದೆ. ಆ ಉಂಡೆಯನ್ನು ಒಂದು ಬಕೆಟ್ ನೀರಿಗೆ ಬಿಡಿ. ಮೊದಲು ಗುಳ್ಳೆ ಏಳುತ್ತವೆ. ಸಂದಿಯಲ್ಲಿದ್ದ ಗಾಳಿ ಹೊರಗೆ, ನೀರು ಒಳಗೆ. ಆಮೇಲೆ ಅಂಚು ಕಳಚಿ ಬೀಳುತ್ತದೆ. ನೋಡುತ್ತಾ ನಿಂತ ಹಾಗೆಯೇ ಉಂಡೆ ಕುಸಿದು ತಳದಲ್ಲಿ ಕೆಸರಾಗುತ್ತದೆ. ಅದನ್ನು ಬೆರಳಲ್ಲಿ ಉಜ್ಜಿದರೆ ಸಾಬೂನಿನ ಹಾಗೆ ಜಾರುತ್ತದೆ.

ನಮ್ಮ ಗುಡ್ಡಗಳ ಮೋಸ ಇರುವುದು ಇಲ್ಲೇ. ಮೇಲಿನ ಚಿರೇಕಲ್ಲನ್ನು ನೆಟ್ಟಗೆ ಗೋಡೆಯಂತೆ ಕಡಿದರೂ ನಿಲ್ಲುತ್ತದೆ. ಚಿರೇಕಲ್ಲಿನ ಹಳೆಯ ಕ್ವಾರಿಗಳಲ್ಲಿ ಹಾಗೆ ವರ್ಷಗಟ್ಟಲೆ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದೇ ಧೈರ್ಯದಲ್ಲಿ ಕೆಳಗಿನ ಶೇಡಿಯನ್ನೂ ನೆಟ್ಟಗೆ ಕಡಿಯುತ್ತಾರೆ. ಜನವರಿಯಲ್ಲಿ ಕಡಿದರೆ ಅದೂ ನಿಲ್ಲುತ್ತದೆ. ಬಿಲ್ ಪಾಸಾಗುತ್ತದೆ. ಜುಲೈನಲ್ಲಿ ಅದು ಬೇರೆಯೇ ಮಣ್ಣು.

ನೀರು ಒಳಗೆ ಏನು ಮಾಡುತ್ತದೆ

ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೋರು ಮಳೆಯ ಒಂದು ದಿನ 100 ಮಿ.ಮೀ. ಬೀಳುವುದು ನಮಗೆ ಹೊಸದಲ್ಲ. ಅದನ್ನು ಲೆಕ್ಕ ಹಾಕಿ ನೋಡಿ. ಒಂದು ಎಕರೆ ಗುಡ್ಡದ ಮೇಲೆ 100 ಮಿ.ಮೀ. ಮಳೆ ಅಂದರೆ 4 ಲಕ್ಷ ಲೀಟರ್ ನೀರು. 400 ಟನ್ ತೂಕ. ಅದರಲ್ಲಿ ಒಂದಷ್ಟು ಹರಿದು ಹೋಗುತ್ತದೆ, ಒಂದಷ್ಟು ಇಂಗುತ್ತದೆ. ಚಿರೇಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮುಟ್ಟಿದ ಕೂಡಲೇ ನಿಧಾನ. ಅದಕ್ಕೇ ಇವೆರಡೂ ಸೇರುವ ಗೆರೆಯಲ್ಲಿ ನೀರು ನಿಲ್ಲುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಗುಡ್ಡದ ಬದಿಯಲ್ಲಿ ಜಿನುಗುತ್ತದೆ. ಮಳೆಗಾಲದಲ್ಲಿ ಕಡಿದ ಗುಡ್ಡದ ನಡುಮಧ್ಯೆ ಒಂದು ಒದ್ದೆ ಪಟ್ಟಿ ಕಾಣುತ್ತದಲ್ಲ, ಅದು ಇದೇ ಗೆರೆ.

ಇಳಿಜಾರಿನಲ್ಲಿ ಮಣ್ಣು ನಿಂತಿರುವುದು ಕಣಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುವುದರಿಂದ. ಸಂದಿಗಳಲ್ಲಿ ಗಾಳಿ ಇರುವ ತನಕ ಈ ಹಿಡಿತ ಗಟ್ಟಿ. ಸಂದಿಯೆಲ್ಲ ನೀರು ತುಂಬಿ, ಆ ನೀರಿಗೆ ಹೊರಗೆ ಹೋಗಲು ದಾರಿ ಸಿಗದಿದ್ದರೆ ಅದು ಒಳಗಿನಿಂದ ಕಣಗಳನ್ನು ದೂರ ತಳ್ಳುತ್ತದೆ. ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಬುಡದಲ್ಲಿ ಆತುಕೊಂಡಿದ್ದ ಮಣ್ಣನ್ನು ನಾವು ರಸ್ತೆಗೋ ಮನೆಗೋ ತೆಗೆದಿದ್ದರೆ ಮೇಲಿನದಕ್ಕೆ ಕೆಳಗೆ ಬರುವುದು ಬಿಟ್ಟು ಬೇರೆ ದಾರಿಯಿಲ್ಲ.

ಅದಕ್ಕೇ ಗುಡ್ಡ ಮೊದಲ ಮಳೆಗೆ ಕುಸಿಯುವುದು ಕಡಿಮೆ. ವಾರಗಟ್ಟಲೆ ನೆನೆದ ಮೇಲೆ ಬರುವ ಒಂದು ಜೋರು ಮಳೆ ಅದನ್ನು ಬೀಳಿಸುತ್ತದೆ. ಇವತ್ತು ಎಷ್ಟು ಮಳೆ ಬಿತ್ತು ಅನ್ನುವುದರ ಜತೆ ಹಿಂದಿನ ಹತ್ತು ಹದಿನೈದು ದಿನದಲ್ಲಿ ಎಷ್ಟು ಬಿದ್ದಿತ್ತು ಅನ್ನುವುದೂ ಮುಖ್ಯ. 2009ರ ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. ಮಳೆಗಾಲ ಮುಗಿಯಿತು ಅಂತ ಜನ ನಿರಾಳವಾಗುವ ಹೊತ್ತು ಅದು. ಗುಡ್ಡದೊಳಗೆ ಮಾತ್ರ ನಾಲ್ಕು ತಿಂಗಳ ನೀರು ಇತ್ತು.

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳೇ ಜಾರಿ ಹೋದವು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ಹೆದ್ದಾರಿ ಪಕ್ಕದ ಚಹಾ ಅಂಗಡಿ ಮಣ್ಣಿನ ಜತೆ ಗಂಗಾವಳಿ ಹೊಳೆಗೆ ಹೋಯಿತು. ಲಾರಿ, ಟ್ಯಾಂಕರ್ ಹೋದವು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಒಬ್ಬ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಲ್ಲಿನ ಮಣ್ಣು, ಮಳೆ, ರಸ್ತೆಗಾಗಿ ಕಡಿದ ಬುಡ, ಮೂರೂ ಒಟ್ಟಿಗೆ ಸೇರಿದ್ದವು. ಮಳೆ ನಮ್ಮ ಕೈಯಲ್ಲಿಲ್ಲ. ಮಣ್ಣು ಲಕ್ಷಾಂತರ ವರ್ಷದಿಂದ ಅಲ್ಲಿದೆ. ಮೂರನೆಯದು ಮಾತ್ರ ಮನುಷ್ಯ ತೀರ್ಮಾನ ಮಾಡಿದ್ದು. ಇದನ್ನು ಪ್ರಕೃತಿ ವಿಕೋಪ ಅಂತ ಬರೆದು ಫೈಲ್ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ರಸ್ತೆ ಬೇಡವೇ ಅಂತ ಕೇಳುತ್ತಾರೆ. ಬೇಕು. ಕಾಯಿಲೆಯವರನ್ನು ಮಂಗಳೂರಿಗೋ ಹುಬ್ಬಳ್ಳಿಗೋ ಕರೆದುಕೊಂಡು ಓಡುವ ನಮಗಿಂತ ಜಾಸ್ತಿ ಅದು ಯಾರಿಗೆ ಗೊತ್ತು? ಆದರೆ ಶೇಡಿ ಇರುವ ಗುಡ್ಡವನ್ನು ನೆಟ್ಟಗೆ ಕಡಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬಹುದು. ಅದಕ್ಕೆ ಜಾಸ್ತಿ ಜಾಗ ಬೇಕು, ಜಾಸ್ತಿ ದುಡ್ಡು ಬೇಕು. ಮೇಲಿನ ನೀರು ಕಡಿದ ಮುಖಕ್ಕೆ ಬಾರದಂತೆ ತುದಿಯಲ್ಲೇ ಒಂದು ಕಾಲುವೆ ಮಾಡಬೇಕು, ಅದನ್ನು ಪ್ರತಿ ಮೇ ತಿಂಗಳು ಕೆರೆದು ಚೊಕ್ಕ ಮಾಡಬೇಕು. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಗೆ ಬರಲು ಪೈಪ್ ಇಡಬೇಕು. ಪೈಪ್ ಇಲ್ಲದ ತಡೆಗೋಡೆ ಹಿಂದೆ ನೀರು ಕಟ್ಟಿಕೊಳ್ಳುತ್ತದೆ, ಕೊನೆಗೆ ಗೋಡೆಯನ್ನೂ ಹೊತ್ತುಕೊಂಡು ಬರುತ್ತದೆ. ಮನೆ ಹಿಂದೆ ಪಿಚ್ಚಿಂಗ್ (ಕಲ್ಲಿನ ತಡೆಗೋಡೆ) ಕಟ್ಟಿಸುವವರು ದಯವಿಟ್ಟು ಇದನ್ನು ಮೇಸ್ತ್ರಿಗೆ ಹೇಳಿ. ಪೈಪಿನ ಬಾಯಿ ಮಣ್ಣಿನಿಂದ ಮುಚ್ಚಿಕೊಳ್ಳದಂತೆ ಹಿಂದೆ ಜಲ್ಲಿ ತುಂಬಿಸಬೇಕು. ದೊಡ್ಡ ಖರ್ಚಿನ ಕೆಲಸ ಅಲ್ಲ ಅದು, ಮನೆ ಉಳಿಯುತ್ತದೆ.

ಇಂಗುಗುಂಡಿ ಎಲ್ಲಿ, ಎಲ್ಲಿ ಬೇಡ

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಇಲ್ಲಿ ತಪ್ಪಾಗುತ್ತದೆ.

ನೀರು ಇಂಗಿಸಿ ಅಂತ ನಾವೆಲ್ಲ ಹೇಳುತ್ತಾ ಬಂದಿದ್ದೇವೆ. ಮಾತು ಸರಿ. ಶಿರಸಿ, ಸಿದ್ದಾಪುರದ ಕಡೆ ಕಾನು, ಅಂದರೆ ಹಳೆಯ ದಟ್ಟ ಹಸಿರು ಕಾಡು ಉಳಿದ ಜಾಗದಲ್ಲಿ ಹಳ್ಳ ಬೇಸಗೆಯಲ್ಲೂ ಹರಿಯುತ್ತದೆ. ಅದರ ಕೆಳಗಿನ ಅಡಿಕೆ ತೋಟಕ್ಕೆ ನೀರು ಅಲ್ಲಿಂದಲೇ. ಕಾನಿನ ಮಣ್ಣು ಮಳೆಯನ್ನು ಕುಡಿದು ನಿಧಾನವಾಗಿ ಬಿಡುತ್ತದೆ. ಕರಾವಳಿಯಲ್ಲಿ ಚಿರೇಕಲ್ಲಿನ ಸಮತಟ್ಟು ತುದಿ ಇರುವ ಗುಡ್ಡಗಳೂ ಹಾಗೆಯೇ. ಮೇಲೆ ಬಿದ್ದ ಮಳೆ ಇಂಗಿ ಬುಡದ ಬಾವಿಗಳಿಗೆ ಬರುತ್ತದೆ. ಆ ತುದಿಯನ್ನು ಕ್ವಾರಿಗೆ ಕೊಟ್ಟು ಚಿರೇಕಲ್ಲು ಪೂರ್ತಿ ತೆಗೆದರೆ ನೀರು ಹಿಡಿದಿಡುವ ಪದರವೇ ಹೋಯಿತು. ಕೆಳಗಿನ ಬಾವಿಯವರಿಗೆ ಅದು ಕೆಲವು ಬೇಸಗೆಯಲ್ಲಿ ಗೊತ್ತಾಗುತ್ತದೆ.

ಆದರೆ ಕಡಿದಾದ ಇಳಿಜಾರು, ಕೆಳಗೆ ದಪ್ಪನೆಯ ಶೇಡಿ, ಅದರ ಬುಡದಲ್ಲಿ ಮನೆಗಳು. ಅಂಥ ಜಾಗದಲ್ಲಿ ಸಾಲು ಸಾಲು ಇಂಗುಗುಂಡಿ ತೋಡಿದರೆ ಏನಾಗುತ್ತದೆ? ನೀರನ್ನು ನಾವೇ ಕೈಯಾರೆ ಶೇಡಿಗೆ ಕುಡಿಸಿದ ಹಾಗೆ. ಅಲ್ಲಿ ಬೇಕಾದದ್ದು ಇಂಗಿಸುವುದಲ್ಲ, ಆದಷ್ಟು ಬೇಗ ಗುಡ್ಡದಿಂದ ಕೆಳಗೆ ಸುರಕ್ಷಿತವಾಗಿ ಹರಿಸುವುದು. ಇಳಿಜಾರಿನಲ್ಲಿ ರಬ್ಬರ್ ಹಾಕಲು, ತೋಟ ಮಾಡಲು ಅಗಲ ಅಗಲ ಮೆಟ್ಟಿಲು ಕಡಿದು, ನೀರು ನಿಲ್ಲುವಂತೆ ಬಿಟ್ಟ ಕಡೆಯೂ ಇದೇ ತೊಂದರೆ. ಒಂದೇ ಊರಿನಲ್ಲಿ ಗುಡ್ಡದ ತುದಿಯಲ್ಲಿ ಇಂಗಿಸುವುದು ಸರಿ, ಬದಿಯಲ್ಲಿ ಇಂಗಿಸುವುದು ಅಪಾಯ ಆಗಬಹುದು. ಯಾವುದು ಎಲ್ಲಿ ಅನ್ನುವುದನ್ನು ಹೇಳಲು ಮಣ್ಣಿನ ದಪ್ಪ, ಇಳಿಜಾರು, ಒರತೆಯ ಜಾಗ ನೋಡಲೇಬೇಕು. ಸುಮ್ನೆ ಒಂದು ಪಂಚಾಯತಿಗೆ ಇಷ್ಟು ಗುಂಡಿ ಅಂತ ಗುರಿ ಕೊಟ್ಟು ಮುಗಿಸುವ ಕೆಲಸ ಇದಲ್ಲ.

ಮರದ ವಿಷಯವೂ ಹೀಗೇ. ಮರ ಇದ್ದರೆ ಗುಡ್ಡ ಕುಸಿಯುವುದಿಲ್ಲ ಅಂತ ನಾವು ನಂಬಿದ್ದೇವೆ. ಬೇರು ಹೋಗುವ ಆಳದ ತನಕ ಅದು ನಿಜ. ಮೇಲಿನ ಮಣ್ಣನ್ನು ಬೇರು ಹಿಡಿಯುತ್ತದೆ, ನೀರನ್ನು ಹೀರಿ ಗಾಳಿಗೆ ಬಿಡುತ್ತದೆ. ಕಾಡು ಕಡಿದ ಗುಡ್ಡಕ್ಕಿಂತ ಕಾಡಿರುವ ಗುಡ್ಡ ಯಾವತ್ತೂ ಮೇಲು. ಆದರೆ ಜಾರುವ ಗೆರೆ ಬೇರಿಗಿಂತ ಎಷ್ಟೋ ಆಳದಲ್ಲಿದ್ದರೆ ಮರಗಳ ಸಮೇತ ಗುಡ್ಡ ಬರುತ್ತದೆ. ಹಾಗಾಗಿ ಬುಡ ಕಡಿದು, ಮೇಲೆ ನಾಲ್ಕು ಸಸಿ ನೆಟ್ಟು ಸರಿ ಹೋಯಿತು ಅಂದರೆ ನಾನು ಒಪ್ಪುವುದಿಲ್ಲ. ಕಡಿದ ಮುಖದ ಮೇಲ್ಮಣ್ಣು ಕೊಚ್ಚಿ ಹೋಗದಂತೆ ಲಾವಂಚ ಹಾಕುವುದು ಒಳ್ಳೆಯದು. ಆಳದ ಜಾರಿಕೆಗೆ ಅದು ಮದ್ದಲ್ಲ.

ಬಾವಿಗೆ ಉಪ್ಪು ಬರುವ ಲೆಕ್ಕ

ಗುಡ್ಡದಿಂದ ಕೆಳಗೆ ಬರೋಣ. ದಂಡೆಯ ಊರುಗಳಲ್ಲಿ ಬಾವಿ ನೀರು ಸಿಹಿ ಇರುವುದೇ ಒಂದು ಆಶ್ಚರ್ಯ. ಪಕ್ಕದಲ್ಲೇ ಕಡಲು, ಆದರೂ ಮರಳಿನಲ್ಲಿ ತೋಡಿದರೆ ಸಿಹಿ ನೀರು. ಕಾರಣ, ಮಳೆಯ ಸಿಹಿ ನೀರು ಉಪ್ಪುನೀರಿಗಿಂತ ಸ್ವಲ್ಪ ಹಗುರ. ನೆಲದೊಳಗೆ ಅದು ಉಪ್ಪುನೀರಿನ ಮೇಲೆ ತೇಲಿಕೊಂಡು ಕೂರುತ್ತದೆ.

ಎಷ್ಟು ಹಗುರ? ಸಾವಿರ ಲೀಟರ್ ಸಿಹಿ ನೀರು ಸಾವಿರ ಕಿಲೋ ಆದರೆ ಅಷ್ಟೇ ಕಡಲ ನೀರು ಸುಮಾರು 1025 ಕಿಲೋ. ಈ 25 ಕಿಲೋ ವ್ಯತ್ಯಾಸದಿಂದ ಒಂದು ಲೆಕ್ಕ ಹುಟ್ಟುತ್ತದೆ. ಅಂತರ್ಜಲ ಕಡಲ ಮಟ್ಟಕ್ಕಿಂತ 1 ಮೀಟರ್ ಮೇಲೆ ಇದ್ದರೆ, ಕಡಲ ಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದ ತನಕ ಸಿಹಿ ನೀರು ಇರುತ್ತದೆ. ನೂರು ವರ್ಷಕ್ಕೂ ಹಿಂದೆ ಗಿಬೆನ್ ಮತ್ತು ಹರ್ಜ್‌ಬರ್ಗ್ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಅದನ್ನು ತಿರುಗಿಸಿ ಓದಿ. ಪಂಪ್ ಹಾಕಿ ನೀರೆತ್ತಿ ನೀವು ಮಟ್ಟವನ್ನು ಬರೀ ಅರ್ಧ ಮೀಟರ್ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು ಸುಮಾರು 20 ಮೀಟರ್ ಮೇಲೇರಲು ದಾರಿ ಮಾಡಿಕೊಟ್ಟಂತೆ. ಅದು ಒಂದೇ ದಿನದಲ್ಲಿ ಆಗುವುದಿಲ್ಲ. ಆದರೆ ಆದ ಮೇಲೆ ಮತ್ತೆ ಸಿಹಿ ಮಾಡುವುದು ವರ್ಷಗಳ ಕೆಲಸ.

ದಂಡೆಯಲ್ಲಿ ಬಾವಿ ಉಪ್ಪಾದರೆ ನಮಗೆ ಮೊದಲು ಹೊಳೆಯುವ ಉಪಾಯ ಇನ್ನೂ ಆಳದ ಬೋರ್‌ವೆಲ್. ಕೆಲವು ಕಡೆ ಬಂಡೆಯ ಬಿರುಕಿನಲ್ಲಿ ಸಿಹಿ ನೀರು ಸಿಗಬಹುದು. ಆದರೆ ಮರಳು, ಮೆಕ್ಕಲಿನ ನೆಲದಲ್ಲಿ ಆಳಕ್ಕೆ ಹೋದಷ್ಟೂ ಉಪ್ಪಿನ ಕಡೆಗೇ ಹೋಗುತ್ತೇವೆ. ಅಲ್ಲಿ ಬೇಕಾದದ್ದು ಆಳವಿಲ್ಲದ, ಅಗಲದ ಬಾವಿ. ಒಂದೇ ಕಡೆ ಜೋರಾಗಿ ಎತ್ತುವ ಬದಲು ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಎತ್ತಬೇಕು. ಗೋಕರ್ಣದಂಥ ಕಡೆ ಒಂದರ ಪಕ್ಕ ಒಂದು ವಸತಿಗೃಹ ಎದ್ದು, ಪ್ರತಿಯೊಂದಕ್ಕೂ ಒಂದು ಪಂಪ್ ಆದರೆ ಈ ಲೆಕ್ಕ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅಕ್ಕಪಕ್ಕದ ಎರಡು ಹೊಳೆ

ನಮ್ಮ ಅದೃಷ್ಟಕ್ಕೆ ಇಲ್ಲಿ ಅಕ್ಕಪಕ್ಕದಲ್ಲೇ ಎರಡು ಹೊಳೆಗಳಿವೆ. ಕುಮಟಾ ಪಕ್ಕ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಎರಡೂ ಘಟ್ಟದಲ್ಲಿ ಹುಟ್ಟುತ್ತವೆ, ಎರಡಕ್ಕೂ ಅದೇ ಮಳೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಣೆಕಟ್ಟು ಬಂದರೆ ಅಳಿವೆಗೆ ಏನಾಗುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ.

ಅಘನಾಶಿನಿ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿ ನೀರು ತುಂಬುತ್ತದೆ, ಬೇಸಗೆಗೆ ಉಬ್ಬರದ ಉಪ್ಪು ಒಳಗೆ ಬರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡು ಬಳಚು (ತಿನ್ನುವ ಚಿಪ್ಪುಜೀವಿ) ಬದುಕಿದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬೆಳೆದಿವೆ. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕಲು ಹೊಳೆಗೆ ಇಳಿಯುತ್ತಾರಲ್ಲ, ಅವರ ಸಂಪಾದನೆ ನಿಂತಿರುವುದು ಈ ಉಪ್ಪು ಸಿಹಿಯ ಲೆಕ್ಕದ ಮೇಲೆ. ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತವೂ ಅಷ್ಟೇ, ಉಪ್ಪು ತಡೆದುಕೊಂಡು ನೀರಿನಲ್ಲಿ ನಿಲ್ಲುವ ತಳಿ. ಶರಾವತಿಯಲ್ಲಿ ವಿದ್ಯುತ್ ಮಾಡಿದ ನೀರು ವರ್ಷವಿಡೀ ಬರುತ್ತದೆ. ಬೇಸಗೆಯಲ್ಲೂ ಅಳಿವೆಯ ಉಪ್ಪು ಅಷ್ಟಾಗಿ ಏರುವುದಿಲ್ಲ. ಅಲ್ಲಿ ಚಿಪ್ಪುಜೀವಿಗಳು ಕಡಿಮೆಯಾದದ್ದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಾಖಲಿಸಿದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಹೆಮ್ಮೆಯ ವಿಷಯವೇ. ಆದರೆ ಪಟ್ಟಿಯಲ್ಲಿರುವುದು ಅಳಿವೆ ಮಾತ್ರ. ಅದನ್ನು ಉಳಿಸುವ ನೀರು ಬರುವುದು ಶಿರಸಿ, ಸಿದ್ದಾಪುರದ ಗುಡ್ಡಗಳಿಂದ.

ಅಣೆಕಟ್ಟಿನಲ್ಲಿ ನೀರಿನ ಜತೆ ಮರಳೂ ನಿಲ್ಲುತ್ತದೆ. ಹೊಳೆಯಿಂದ ನಾವು ಎತ್ತುವ ಮರಳು ಇನ್ನೊಂದು ಕಳೆತ. ದಂಡೆಗೆ ಬರುವ ಮರಳು ಕಡಿಮೆಯಾದರೂ ಅಲೆ ತೆಗೆದುಕೊಂಡು ಹೋಗುವುದು ಕಡಿಮೆಯಾಗುವುದಿಲ್ಲ. ದೇಶದ ದಂಡೆಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊರೆತಕ್ಕೆ ಸಿಕ್ಕಿದೆ ಅಂತ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರಗಳನ್ನು ನೋಡಿ ಹೇಳಿದೆ. ಕಲ್ಲು ಹಾಕಿ ತಡೆಗೋಡೆ ಕಟ್ಟಿದರೆ ಅದರ ಹಿಂದಿನ ಮನೆ ಒಂದಷ್ಟು ಕಾಲ ಉಳಿಯುತ್ತದೆ, ಗೋಡೆ ಮುಗಿದಲ್ಲಿಂದ ಪಕ್ಕದವರ ದಂಡೆ ಕೊರೆಯಲು ಶುರುವಾಗುತ್ತದೆ. ಮೀನುಗಾರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಹಾಗಾಗಿ ಇದನ್ನು ಉದ್ದ ಮಾಡುವುದಿಲ್ಲ.

ನಕ್ಷೆ ಇದೆ, ಪಂಚಾಯತಿಯಲ್ಲಿಲ್ಲ

ಸರಿ, ಇಷ್ಟೆಲ್ಲ ತಿಳಿದವರು ಎಲ್ಲಿದ್ದಾರೆ? ಇದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1851ರಿಂದ ಕೆಲಸ ಮಾಡುತ್ತಿದೆ. ಗುಡ್ಡ ಕುಸಿಯುವ ಸಾಧ್ಯತೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅನ್ನುವ ನಕ್ಷೆಗಳನ್ನು 2014ರಿಂದ ದೇಶದ ಗುಡ್ಡಗಾಡು ಪ್ರದೇಶಗಳಿಗೆಲ್ಲ ಮಾಡಿದೆ. ಸಂಸ್ಥೆಯ ಭೂಕೋಶ್ ಜಾಲತಾಣದಲ್ಲಿ ಅವನ್ನು ನೋಡಬಹುದು. ಇಸ್ರೋದವರು 2023ರಲ್ಲಿ ಒಂದು ಅಟ್ಲಾಸ್ ತಂದರು. 1998ರಿಂದ 2022ರ ನಡುವಿನ ಸುಮಾರು 80 ಸಾವಿರ ಭೂಕುಸಿತಗಳ ಲೆಕ್ಕ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅಷ್ಟು ಹತ್ತಿರ ಹತ್ತಿರ ಮಳೆ ಅಳೆಯುವ ರಾಜ್ಯಗಳು ಕಡಿಮೆ.

ಹಾಗಾದರೆ ಕೊರತೆ ಎಲ್ಲಿ? ಸರ್ವೇಕ್ಷಣಾ ಸಂಸ್ಥೆಯ ಆ ನಕ್ಷೆ 1:50,000 ಅಳತೆಯದ್ದು. ಅದರಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಒಂದು ತಾಲೂಕಿನ ಯೋಜನೆಗೆ ಅದು ಸಾಕು. ನಿಮ್ಮ ಮನೆ ಹಿಂದಿನ ಗುಡ್ಡ ಅದರಲ್ಲಿ ಒಂದು ಚುಕ್ಕೆಯೂ ಅಲ್ಲ. ರಸ್ತೆ ಅಗಲ ಮಾಡುವ ಪ್ರತಿ ಜಾಗಕ್ಕೆ, ಪ್ರತಿ ಹೊಸ ಲೇಔಟಿಗೆ ಭೂವಿಜ್ಞಾನಿ ಹೋಗಿ, ನಾಲ್ಕು ಕಡೆ ಕೊರೆದು, ಮಣ್ಣು ಪರೀಕ್ಷೆ ಮಾಡಿ, ಎಷ್ಟು ಇಳಿಜಾರಿನಲ್ಲಿ ಕಡಿಯಬಹುದು ಅಂತ ಬರೆದು ಕೊಡಬೇಕು. ಆ ಕಾಗದ ಇಲ್ಲದೆ ಕೆಲಸ ಶುರುವಾಗಬಾರದು. ಜತೆಗೆ ಆ ಕಾಗದ ಕನ್ನಡದಲ್ಲಿರಬೇಕು, ಪಂಚಾಯತಿ ಗೋಡೆಯ ಮೇಲೆ ಇರಬೇಕು. ಗುಡ್ಡದ ಕೆಳಗೆ ಮಲಗುವವರು ಓದಬೇಕಾದದ್ದು ಅದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸ ಇದೆ. ನಿಮ್ಮ ಊರಿನ ಒರತೆಗಳೆಲ್ಲ ಎಲ್ಲಿವೆ, ಯಾವುದು ಯಾವ ತಿಂಗಳ ತನಕ ಹರಿಯುತ್ತದೆ, ಹಿಂದೆ ಗುಡ್ಡ ಎಲ್ಲೆಲ್ಲಿ ಜಾರಿತ್ತು ಅನ್ನುವುದು ಹಿರಿಯರಿಗೆ ಗೊತ್ತು. ಎಷ್ಟೋ ಸಲ ಒಮ್ಮೆ ಜಾರಿದ ಜಾಗವೇ ಮತ್ತೆ ಜಾರುತ್ತದೆ. ಅದನ್ನು ಕೇಳಿ ನಕ್ಷೆಯ ಮೇಲೆ ಗುರುತು ಹಾಕಿ. ಯಾವ ಉಪಗ್ರಹವೂ ಅದನ್ನು ಕೊಡುವುದಿಲ್ಲ.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಮಳೆ ಮುನ್ಸೂಚನೆ ಬರುವ ಹಾಗೆ ಗುಡ್ಡ ಕುಸಿತದ ಮುನ್ಸೂಚನೆ ಕೊಡಲು ಆಗುವುದಿಲ್ಲವೇ?"

ಸ್ವಲ್ಪ ಮಟ್ಟಿಗೆ ಆಗುತ್ತದೆ. ಡಾರ್ಜಿಲಿಂಗ್, ನೀಲಗಿರಿ ಜಿಲ್ಲೆಗಳಲ್ಲಿ ಕೊಡುತ್ತಾ ಬಂದಿದ್ದಾರೆ. ಬಿದ್ದ ಮಳೆ, ಬರುವ ಮಳೆ, ಮಣ್ಣಿನ ನಕ್ಷೆ, ಹಿಂದಿನ ಕುಸಿತಗಳ ದಾಖಲೆ ಸೇರಿಸಿ ಈ ಪ್ರದೇಶದಲ್ಲಿ ಇವತ್ತು ಅಪಾಯ ಹೆಚ್ಚು ಅಂತ ಹೇಳಬಹುದು. ಇಂಥ ಗುಡ್ಡ, ಇಷ್ಟು ಗಂಟೆಗೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಎಚ್ಚರಿಕೆ ಬಂದು, ಏನೂ ಆಗದೆ ಹೋದರೆ ಸುಳ್ಳು ಅಂತ ಬೈಯಬೇಡಿ. ಮುಂದಿನ ಸಲ ಎದ್ದು ಹೋಗದೆ ಉಳಿದವರಿಗೆ ಅದೇ ಕುತ್ತಾಗಬಹುದು.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ನಿಂತು ಹೇಳಿದರು: "ನಮ್ಮ ಮನೆ ಹಿಂದೆ ಗುಡ್ಡದ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಕಳೆದ ಮಳೆಗಾಲದಲ್ಲಿ ಕಂಡದ್ದು. ಮಣ್ಣು ತುಂಬಿ ಮುಚ್ಚಿದ್ದೇವೆ. ಸಾಕಾ?"

ಅಕ್ಕಾ, ಮುಚ್ಚಿದ್ದು ಒಳ್ಳೆಯದಾಯಿತು. ಬಿರುಕಿನಲ್ಲಿ ಮಳೆ ನೀರು ನೇರ ಒಳಗೆ ಹೋಗುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ. ಜೇಡಿಮಣ್ಣು ಹಾಕಿ ಗಟ್ಟಿಯಾಗಿ ದಮ್ಮಸು ಮಾಡಿ, ಮೇಲೆ ಟಾರ್ಪಾಲ್ ಹಾಸಿ. ಬಿರುಕಿನ ಮೇಲ್ಭಾಗದಲ್ಲಿ ಒಂದು ಕಾಲುವೆ ತೆಗೆದು ನೀರನ್ನು ಬದಿಗೆ ತಿರುಗಿಸಿ, ಮನೆ ಕಡೆಗೆ ಅಲ್ಲ. ಆದರೆ ಇದಿಷ್ಟರಿಂದ ಅಪಾಯ ಹೋಯಿತು ಅಂತ ತಿಳಿಯಬೇಡಿ. ಬಿರುಕಿನ ಆಚೆ ಒಂದು, ಈಚೆ ಒಂದು ಗೂಟ ಹೊಡೆಯಿರಿ. ಎರಡರ ತಲೆಗೂ ಒಂದೊಂದು ಮೊಳೆ. ಮೊಳೆಯಿಂದ ಮೊಳೆಗೆ ಟೇಪಿನಲ್ಲಿ ಅಳೆದು, ತಾರೀಕು ಹಾಕಿ ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಡಿ. ಬೇಸಗೆಯಲ್ಲಿ ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ. ಅಳೆಯಲು ಹೋಗುವುದು ಹಗಲಲ್ಲಿ, ಮಳೆ ಬಿಟ್ಟಾಗ ಮಾತ್ರ. ಅಂತರ ಹೆಚ್ಚುತ್ತಾ ಹೋದರೆ ಗುಡ್ಡ ಸರಿಯುತ್ತಿದೆ ಅಂತ ಅರ್ಥ. ಆ ಕಾಗದವನ್ನೂ ಫೋಟೋವನ್ನೂ ಹಿಡಿದು ಪಂಚಾಯತಿಗೆ, ತಹಶೀಲ್ದಾರ್ ಕಚೇರಿಗೆ ಹೋಗಿ, ಭೂವಿಜ್ಞಾನಿಯನ್ನು ಕಳಿಸಿ ಅಂತ ಲಿಖಿತ ಕೊಡಿ. ಬಿರುಕು ಬಿಟ್ಟಿದೆ ಅಂತ ಬಾಯಲ್ಲಿ ಹೇಳುವುದಕ್ಕೂ, ಹದಿನೈದು ದಿನದಲ್ಲಿ ಇಷ್ಟು ಸೆಂಟಿಮೀಟರ್ ಅಗಲವಾಗಿದೆ ಅಂತ ಬರೆದು ಕೊಡುವುದಕ್ಕೂ ವ್ಯತ್ಯಾಸ ಇದೆ.

ಇನ್ನು ಕೆಲವನ್ನು ಕಣ್ಣಲ್ಲೇ ನೋಡಬಹುದು. ನೆಟ್ಟಗಿದ್ದ ಮರ, ಬೇಲಿ ಕಂಬ, ವಿದ್ಯುತ್ ಕಂಬ ವಾಲುವುದು. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗಿ ಬರುವುದು, ಹೊಸ ಜಾಗದಲ್ಲಿ ನೀರು ಚಿಮ್ಮುವುದು. ಜೋರು ಮಳೆಯ ನಡುವೆ ಹರಿಯುತ್ತಿದ್ದ ಹಳ್ಳ ಥಟ್ಟನೆ ಕಡಿಮೆಯಾದರಂತೂ ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಇವುಗಳಲ್ಲಿ ಒಂದು ಕಂಡರೂ ಅಳತೆ, ಅರ್ಜಿ ಎಲ್ಲ ಬಿಟ್ಟು ಮನೆಯವರನ್ನೆಲ್ಲ ಕರೆದುಕೊಂಡು ಹೊರಡಿ. ದನದ ಹಗ್ಗ ಬಿಚ್ಚಿ ಬಿಡಿ. ಹಳ್ಳದ ದಾರಿಯಲ್ಲಿ ಕೆಳಗೆ ಓಡಬೇಡಿ, ಮಣ್ಣು ಬರುವುದು ಅದೇ ದಾರಿಯಲ್ಲಿ. ಪಕ್ಕಕ್ಕೆ, ಗುಡ್ಡದ ಬುಡ ಬಿಟ್ಟು ಸಮತಟ್ಟಾದ ಗಟ್ಟಿ ಜಾಗಕ್ಕೆ ಹೋಗಿ. ರಾತ್ರಿ ಜೋರು ಮಳೆ ಬರುವ ಸೂಚನೆ ಇದ್ದರೆ ಹಗಲಿರುವಾಗಲೇ ನೆಂಟರ ಮನೆಗೆ ಹೋಗಿ ಅಲ್ಲೇ ಮಲಗಿ. ಯಾವ ಮನೆಗೆ ಅಂತ ಈಗಲೇ, ಮೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ ಅಕ್ಕಾ.